ಡಿಟಿಪಿ ಅಂಗಡಿಯ ಹಳೆ ಕಂಪ್ಯೂಟರ್ ಬದಲಿಸುವಾಗಲೇ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಣ್ಣ ಊರಿನ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸಿ ಮುದ್ರಣಕ್ಕೆ ಕೊಡುವ ಅಂಗಡಿ. ಹತ್ತು ವರ್ಷದ ವಿಂಡೋಸ್ 10 ಕಂಪ್ಯೂಟರ್ ಕೈಕೊಡುತ್ತಿದೆ, ವಿಂಡೋಸ್ 11 ಅದಕ್ಕೆ ಹಿಡಿಸುತ್ತಿಲ್ಲ. ಅಳಿಯ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಅನ್ನುತ್ತಾನೆ, ಸ್ನೇಹಿತರು ಮ್ಯಾಕ್ ಅನ್ನುತ್ತಾರೆ. ಹೇಗೂ ಹೊಸ ಮಷಿನ್ ತಗೊಳ್ಳಬೇಕು, ಈಗಲೇ ಬದಲಾಗಿಬಿಡಲಾ ಅಂತ ಕೇಳಿದ್ದೀರಿ.

ಈ ಸಲ ಬೇಡ. ವಿಂಡೋಸ್ 11 ಇರುವ ಮಷಿನ್ನೇ ತಗೊಳ್ಳಿ. ನಾನು ಲಿನಕ್ಸ್ ವಿರೋಧಿ ಅಲ್ಲ, ಈ ಉತ್ತರವನ್ನು ಟೈಪ್ ಮಾಡುತ್ತಿರುವುದೇ ಉಬುಂಟು ಅನ್ನುವ ಲಿನಕ್ಸ್‌ನಲ್ಲಿ. ಆದರೆ ಮಷಿನ್ ಮತ್ತು ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ) ಎರಡನ್ನೂ ಒಂದೇ ತಿಂಗಳಲ್ಲಿ ಬದಲಿಸಿ ಪೆಟ್ಟು ತಿಂದವನು ನಾನು. ಅದೂ ಮದುವೆ ಸೀಸನ್‌ನಲ್ಲಿ.

ನಮ್ಮದು ಶಿರಸಿ ಕಡೆಯ ಅಂಗಡಿ. ಲಗ್ನಪತ್ರಿಕೆ, ಬಿಲ್‌ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇಷ್ಟೇ ಕೆಲಸ. 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತಿತು. ಅದೇ ನೆಪ ಮಾಡಿಕೊಂಡು ಹೊಸ ಕಂಪ್ಯೂಟರ್ ತಂದೆ, ಅದಕ್ಕೆ ಉಬುಂಟು ಹಾಕಿದೆ. ಹಳೆಯದನ್ನು ಅಟ್ಟ ಹತ್ತಿಸಿದೆ. ಗುಜರಿಗೆ ಕೊಡಲಿಲ್ಲ, ಪುಣ್ಯ.

ಮೊದಲ ವಾರವೇ ಒಬ್ಬರು ಬಂದರು. ದೊಡ್ಡ ಮಗನ ಮದುವೆಗೆ ನಮ್ಮಲ್ಲೇ ಕಾರ್ಡು ಮಾಡಿಸಿದ್ದರು. ಈಗ ಚಿಕ್ಕವನದ್ದು. ಹೆಸರು, ದಿನ, ಮುಹೂರ್ತ ಬದಲಿಸಿದರೆ ಆಯಿತು, ಉಳಿದದ್ದೆಲ್ಲ ಅದೇ ಇರಲಿ ಅಂದರು. ಹತ್ತು ನಿಮಿಷದ ಕೆಲಸ ಅಲ್ವಾ? ಹಳೆ ಕಾರ್ಡು ಮಾಡಿದ್ದು ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ತಂತ್ರಾಂಶದಲ್ಲಿ. ಆ ಫೈಲನ್ನು ಉಬುಂಟುವಿನ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದೆ. ತೆರೆಯಿತು ಕೂಡ. ಗಣಪತಿ ಇದ್ದ, ಹೂಬಳ್ಳಿ ಇತ್ತು, ಗೆರೆಗಳಿದ್ದವು. ಕನ್ನಡ ಮಾತ್ರ ಇರಲಿಲ್ಲ.

ಯಾಕೆ ಅಂತ ನಿಮಗೆ ಗೊತ್ತೇ ಇರಬಹುದು, ಆದರೂ ಹೇಳುತ್ತೇನೆ. ಎಲ್ಲ ತೊಂದರೆಯ ಬೇರು ಇಲ್ಲೇ ಇದೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್‌ನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚೂರುಗಳ ಚಿತ್ರ ಅಂಟಿಸಿರುತ್ತಾರೆ. 'ಕನ್ನಡ' ಅಂತ ಬರೆದರೆ ಒಳಗಿರುವುದು ಏಳು ಗುರುತು. ದೊಡ್ಡ 'ಪಿ' ಅಂದರೆ ಕ-ದ ಒಡಲು. ತಲೆ ಮೇಲೆ ಗೀಟಿರುವ 'ಎ' ಅಂದರೆ ತಲೆಕಟ್ಟು. ನ-ದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಗುರುತು! ಆ ಫಾಂಟ್ ಇಲ್ಲದ ಮಷಿನ್‌ನಲ್ಲಿ ಕಾಣುವುದು ಇವೇ ಪಿ, ಎ, ಪೌಂಡು. ಯೂನಿಕೋಡ್ ಅನ್ನುವ, ಎಲ್ಲ ಮಷಿನ್‌ಗೂ ಒಂದೇ ಆದ ಸಂಕೇತದಲ್ಲಿ ಹಾಗಲ್ಲ. ಅಲ್ಲಿ ಕ ಅಂದರೆ ಕ, ಯಾವ ಮಷಿನ್‌ಗೆ ಹೋದರೂ ಕ.

ಸರಿ, ನುಡಿ ಫಾಂಟನ್ನು ಉಬುಂಟುವಿಗೂ ಹಾಕಿದೆ. ಅಕ್ಷರ ಕಂಡವು. ಖುಷಿಯಾಗಿ ಹೆಸರು ತಿದ್ದಲು ಹೋದರೆ ನಾನು ಒತ್ತಿದ್ದೆಲ್ಲ ಯೂನಿಕೋಡ್ ಆಗಿ ಬೀಳುತ್ತಿದೆ. ಹಳೆಯ ಸಂಕೇತದಲ್ಲಿ ಬರೆಸುವ ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು. ಒಂದೇ ಸಾಲಿನಲ್ಲಿ ಎರಡು ಕನ್ನಡ: 'ಚಿ. ರಾ.' ಹಳೆ ಫಾಂಟಿನ ದಪ್ಪ ಅಕ್ಷರ, ಮುಂದಿನ ಹೆಸರು ಬೇರೆ ಫಾಂಟಿನ ತೆಳು ಅಕ್ಷರ. ಅದನ್ನು ಯಾರ ಕೈಗೂ ಕೊಡುವ ಹಾಗಿರಲಿಲ್ಲ.

ಆಮೇಲೆ ಪರಿವರ್ತಕ ಹುಡುಕಿದೆ. ಹಳೆಯ ನುಡಿ ಮತ್ತು ಅದರಂಥದೇ 'ಬರಹ' ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡ್ ಮಾಡುವ ಉಪಕರಣಗಳು ಪುಕ್ಕಟೆ ಸಿಗುತ್ತವೆ, ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತವೆ. ಕಾರ್ಡಿನ ಅಕ್ಷರವೆಲ್ಲ ಕಾಪಿ ಮಾಡಿ ಹಾಕಿದೆ, ಕನ್ನಡವಾಗಿ ಬಂತು, ಹೊಸದಾಗಿ ಜೋಡಿಸಿದೆ. ರಾತ್ರಿ ಹನ್ನೊಂದಾಗಿತ್ತು. ಪ್ರೂಫ್ ನಾನೇ ನೋಡಿದೆ. ಪ್ಲೇಟ್ ಹೋಯಿತು, ಪ್ರಿಂಟೂ ಆಯಿತು.

ವರನ ಅಪ್ಪ ಕಾರ್ಡೊಂದನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದರು. ಮಗನ ಹೆಸರಿನ ಮುಂದೆ 'ಬಿ.ಇ.' ಅಂತ ಇಂಗ್ಲಿಷ್‌ನಲ್ಲಿ ಇರಬೇಕಿತ್ತು. ಅಲ್ಲಿ 'ಃ.ಇ.' ಅಂತ ಇತ್ತು. "ಎಂತ ತಮಾ ಇದು, ನನ್ನ ಮಗ ವಿಸರ್ಗ ಓದಿದ್ದಾ?"

ಆದದ್ದು ಇಷ್ಟೆ. ಪೇಜ್‌ಮೇಕರ್‌ನಲ್ಲಿ ಆ ಎರಡು ಅಕ್ಷರ ಇಂಗ್ಲಿಷ್ ಫಾಂಟ್‌ನಲ್ಲಿದ್ದವು. ಕಾಪಿ ಮಾಡುವಾಗ ಫಾಂಟ್ ಕಳಚಿ ಬರೀ ಅಕ್ಷರ ಬರುತ್ತದೆ. ಪರಿವರ್ತಕಕ್ಕೆ ಇದು ಇಂಗ್ಲಿಷ್, ಇದು ನುಡಿ ಅಂತ ಹೇಗೆ ಗೊತ್ತಾಗಬೇಕು? ನುಡಿಯಲ್ಲಿ ದೊಡ್ಡ 'ಬಿ' ಅಂದರೆ ವಿಸರ್ಗ, ದೊಡ್ಡ 'ಇ' ಅಂದರೆ ಇ. ತಪ್ಪು ನನ್ನದೇ. ಅಷ್ಟೂ ಕಾರ್ಡು ಮತ್ತೆ ನನ್ನ ಖರ್ಚಿನಲ್ಲಿ ಮಾಡಿಕೊಟ್ಟೆ. ಮರುದಿನ ಅಟ್ಟದ ಮೇಲಿನ ಮಷಿನ್ ಕೆಳಗೆ ಬಂತು.

ಹಾಗಾಗಿ ಓಎಸ್ ಯಾವುದು ಅನ್ನುವುದಕ್ಕಿಂತ ಮೊದಲು ನಿಮ್ಮ ಹಳೆ ಫೈಲ್‌ಗಳು ಯಾವ ಕನ್ನಡದಲ್ಲಿವೆ ನೋಡಿ. ಹಾರ್ಡ್‌ಡಿಸ್ಕ್ ಸಾಯುವ ಮೊದಲು, ಪೇಜ್‌ಮೇಕರ್ ಇನ್ನೂ ತೆರೆಯುತ್ತಿರುವಾಗಲೇ ನೋಡಿ. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಅದರ ನಂತರ ಹೊಸದು ಬರಲೇ ಇಲ್ಲ. ಯೂನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ. ನಮ್ಮಂಥವರು ಹಳೆ ಫಾಂಟ್‌ಗೆ ಅಂಟಿಕೊಂಡಿರುವುದಕ್ಕೆ ಅದೇ ಮುಖ್ಯ ಕಾರಣ.

ಎಲ್ಲವನ್ನೂ ಪರಿವರ್ತಿಸಲು ಹೋಗಬೇಡಿ, ಹುಚ್ಚು ಹಿಡಿಯುತ್ತದೆ. ವರ್ಷ ವರ್ಷ ತಿರುಗಿ ಬರುವ ಕೆಲಸ ಯಾವುದು ಅಂತ ಆರಿಸಿ. ನಮ್ಮಲ್ಲಿ ಅದು ಸೊಸೈಟಿ ವರದಿ. ಸೆಪ್ಟೆಂಬರ್ ಬಂತೆಂದರೆ ಮಹಾಸಭೆಗಳ ಸಾಲು. ಹೋದ ವರ್ಷದ ಫೈಲ್ ತೆರೆದು ಅಂಕಿ ಬದಲಿಸುವುದು, ಅಷ್ಟೆ. ಅವನ್ನು ಮೊದಲು ಯೂನಿಕೋಡ್ ಮಾಡಿ. ಆಮೇಲೆ ದೇವಸ್ಥಾನದ ರಸೀದಿ, ಬಿಲ್‌ಬುಕ್. ಉಳಿದದ್ದನ್ನು ಹಳೆ ಮಷಿನ್‌ನಲ್ಲೇ ಫಾಂಟ್ ಸಮೇತ ಪಿಡಿಎಫ್ ಮಾಡಿಡಿ, ಕನಿಷ್ಠ ನೋಡಲಿಕ್ಕಾದರೂ ಸಿಗಲಿ. ಪರಿವರ್ತಿಸಿದ ಮೇಲೆ ಪ್ರೂಫ್ ಬೇರೆಯವರ ಕೈಲಿ ಓದಿಸಿ. ಮುಖ್ಯವಾಗಿ ಡಿಗ್ರಿ, ಇನಿಷಿಯಲ್, ಇಮೇಲ್, ಗಾಡಿ ನಂಬರು. ಇಂಗ್ಲಿಷ್ ಅಡಗಿರುವ ಜಾಗಗಳು ಇವೇ.

ಇನ್ನು ಮಷಿನ್ ವಿಚಾರ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಮನೆ ಬಳಕೆಯವರಿಗೆ ಸುರಕ್ಷತಾ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಅಂತ ಹೇಳಿದ್ದರು, ಅದಕ್ಕೂ ಬೇರೆ ನೋಂದಣಿ. ವಿಂಡೋಸ್ 11 ಟಿಪಿಎಂ 2.0 ಅನ್ನುವ ಸುರಕ್ಷತಾ ಸೌಲಭ್ಯ ಮಷಿನ್‌ನಲ್ಲಿರಬೇಕು ಅನ್ನುತ್ತದೆ. ಪ್ರೊಸೆಸರ್ ಇಂಟೆಲ್‌ನದ್ದಾದರೆ ಸುಮಾರಾಗಿ ಎಂಟನೇ ಜನರೇಷನ್‌ನಿಂದ ಮೇಲೆ ಇರಬೇಕು. ನಿಮ್ಮದು ಹತ್ತು ವರ್ಷದ್ದು ಅಂದಿರಿ, ಹಾಗಾದರೆ ಆಸೆ ಬಿಡಿ. ಹೊಸ ಕಂಪನಿ ಮಷಿನ್ ತಗೊಂಡರೆ ಹೆಚ್ಚಾಗಿ ವಿಂಡೋಸ್ ಜೊತೆಗೇ ಬರುತ್ತದೆ. ಅದರ ದುಡ್ಡು ಕೊಟ್ಟಾಗಿದೆ, ಸುಮ್ನೆ ಅಳಿಸಿ ಲಿನಕ್ಸ್ ಹಾಕಿದರೆ ಉಳಿತಾಯ ಏನಿಲ್ಲ. ಲೆಕ್ಕಕ್ಕೆ ಟ್ಯಾಲಿ ಇಟ್ಟುಕೊಂಡಿದ್ದರಂತೂ ಕೇಳುವುದೇ ಬೇಡ, ಅದೂ ವಿಂಡೋಸ್‌ನದ್ದೇ.

ಮ್ಯಾಕ್ ಚೆನ್ನಾಗಿದೆ, ಕನ್ನಡ ಅಕ್ಷರ ಅದರಲ್ಲಿ ಮುದ್ದಾಗಿ ಕಾಣುತ್ತದೆ. ಆದರೆ 2020ರ ಕೊನೆಗೆ ಎಂ1 ಚಿಪ್ ಬಂದ ಮೇಲೆ ಅದರಲ್ಲಿ ಬೂಟ್ ಕ್ಯಾಂಪ್ ಇಲ್ಲ, ಮೊದಲಿನ ಹಾಗೆ ನೇರವಾಗಿ ವಿಂಡೋಸ್ ಹಾಕಿಕೊಳ್ಳಲಾಗದು. ನಿಮ್ಮ ಕೆಲಸಕ್ಕೆ, ಆ ಬೆಲೆಗೆ, ನಾನಂತೂ ಹೇಳುವುದಿಲ್ಲ.

ಹಳೆಯ ಕಂಪ್ಯೂಟರ್‌ನ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ. ಅದು ಇನ್ನು ಮುಂದೆ ಬರೀ ಪೇಜ್‌ಮೇಕರ್ ಮಷಿನ್. ಪೆನ್‌ಡ್ರೈವ್ ಹಾಕುವಾಗಲೂ ಹುಷಾರು, ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳು ಯಾವ್ಯಾವ ಊರಿನ ನೀರು ಕುಡಿದು ಬಂದಿರುತ್ತವೋ.

ಅಳಿಯನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಫೈಲ್‌ಗಳು ಯೂನಿಕೋಡ್ ಆದ ಮೇಲೆ, ಟೈಪಿಂಗ್‌ಗೆ ಅಂತಲೇ ಎರಡನೇ ಕಂಪ್ಯೂಟರ್ ಬೇಕಾದಾಗ ಲಿನಕ್ಸ್ ಹಾಕಿ. ನಾನು ಹಾಗೇ ಮಾಡಿದೆ. ಬೆರಳಿಗೆ ಹೊಸದಾಗಿ ಕಲಿಸುವುದು ಏನೂ ಇರಲಿಲ್ಲ. ಲಿನಕ್ಸ್‌ನಲ್ಲಿ ಭಾಷೆಯ ಕೀಬೋರ್ಡ್ ಬದಲಿಸುವ ಐಬಸ್‌ನಲ್ಲಿ ಕೆಜಿಪಿ ಅನ್ನುವ ಕೀಬೋರ್ಡ್ ಆರಿಸಿದರೆ ನುಡಿಯಲ್ಲಿ ಒತ್ತುವ ಅದೇ ಕೀಲಿಗಳು. ಕೆ.ಪಿ. ರಾವ್ ಅವರ ವಿನ್ಯಾಸವೇ ಎರಡಕ್ಕೂ ಮೂಲ. ಒತ್ತಕ್ಷರಕ್ಕೆ ನನ್ನ ಎಡ ತೋರುಬೆರಳು ತಾನಾಗಿ 'ಎಫ್' ಕೀಲಿಗೆ ಹೋಗುತ್ತದೆ, ಇಲ್ಲೂ ಅದೇ ಕೆಲಸ ಮಾಡುತ್ತದೆ. ಪುಟ ಜೋಡಿಸಲು ಸ್ಕ್ರೈಬಸ್ ಇದೆ. ಮೊದಲು ಅದರಲ್ಲಿ ಕನ್ನಡ ಒಡೆದು ಹೋಗುತ್ತಿತ್ತು, 1.6ರಲ್ಲಿ ಒತ್ತಕ್ಷರ ಸರಿಯಾಗಿ ನಿಲ್ಲುತ್ತವೆ. ವಿಂಡೋಸ್‌ನಲ್ಲಿ ಪುಟ ಜೋಡಿಸಲು ಇನ್‌ಡಿಸೈನ್ ಬಳಸುವುದಾದರೆ ಅದರ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲೂ ಒಡೆಯುತ್ತದೆ. ಶೀರ್ಷಿಕೆಗೆ ದಪ್ಪ ಅಕ್ಷರ ಬೇಕಾದಾಗ ನಾನು 'ಬಾಲೂ ತಮ್ಮ' ಫಾಂಟ್ ಹಾಕುತ್ತೇನೆ. ಪುಕ್ಕಟೆ ಸಿಗುತ್ತದೆ, ಹ್ಯಾಂಡ್‌ಬಿಲ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಲಿನಕ್ಸ್ ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಉಬುಂಟು ಶುರು ಮಾಡಿ, ಹಾರ್ಡ್‌ಡಿಸ್ಕ್ ಮುಟ್ಟದೆ, ನಿಮ್ಮ ಲೇಸರ್ ಪ್ರಿಂಟರ್‌ನಲ್ಲಿ ಬಟರ್ ಪೇಪರ್ ಮೇಲೆ ಒಂದು ಪುಟ ತೆಗೆದು ನೋಡಿ. ನನ್ನ ಹಳೆ ಪ್ರಿಂಟರ್ ಆಗ ಜಪ್ಪಯ್ಯ ಅನ್ನಲಿಲ್ಲ. ಸ್ಕ್ಯಾನರ್ ಮಾತ್ರ ಏನೂ ತಕರಾರಿಲ್ಲದೆ ನಡೆಯಿತು. ನಿಮ್ಮದು ಯಾವ ಮಾಡೆಲ್ ಅಂತ ಬರೆದಿಲ್ಲ. ಪ್ರಿಂಟರ್, ಸ್ಕ್ಯಾನರ್ ಎರಡರ ಹೆಸರನ್ನೂ ಕೆಳಗೆ ಹಾಕಿ, ನನ್ನ ಹತ್ತಿರ ನಡೆದದ್ದಾದರೆ ಹೇಳುತ್ತೇನೆ.