ಸೂಜಿ, ಡಬ್ಬಿ, ಗುಂಯ್ ಸಪ್ಳ: ಓದುಗರು ಕೇಳ್ಯಾರ

ಪ್ರಶ್ನೆ (ಸಪ್ತಾಪುರ, ಧಾರವಾಡ): ನಮಸ್ಕಾರ್ರೀ. ನಮ್ಮ ತಂದಿಯವರು ಕೂಡಿಸಿಟ್ಟ ಎಲ್‌ಪಿ ಒಂದು ಅರವತ್ತು ಅದಾವ, ಮನ್ಸೂರರು, ರಾಜಗುರುಗಳು, ಭೀಮಸೇನ ಜೋಶಿಯವರು ಇಂಥವ ಜಾಸ್ತಿ. ಹೋದ ವರ್ಷ ಟರ್ನ್‌ಟೇಬಲ್ ತಗೊಂಡೆ, ಅದಕ್ಕ ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಸೂಜಿ ಕುಂತಿರೋ ತುಣುಕು) ಐತಿ, ಜೋಡಿಗೆ ಮೂರು ಸಾವಿರದ ಒಂದು ಸಣ್ಣ ಫೋನೋ ಪ್ರಿಆಂಪ್, ಅಂದ್ರ ಕಾರ್ಟ್ರಿಜ್ ಕೊಡೋ ಸಣ್ಣ ದನಿ ದೊಡ್ಡದು ಮಾಡೋ ಡಬ್ಬಿ. ಎಲ್ಲಾ ಚಲೋನ ಐತಿ, ಆದ್ರ ಸ, ಶ ಬಂದಾಗ ಚರ್ ಅಂತೈತಿ, ದ್ರುತ್‌ಗೆ ಬಂದ್ರಂತೂ ತಾನ್ ಎಲ್ಲಾ ಕಲಸಿದಂಗ ಆಗ್ತಾವ. ಗೆಳ್ಯಾ ಒಬ್ಬ, ಇಪ್ಪತ್ತೈದು ಸಾವಿರದ ಪ್ರಿಆಂಪ್ ತಗೋ, ಎಂಎಂ (ಅಯಸ್ಕಾಂತ ಅಲುಗೋ ಕಾರ್ಟ್ರಿಜ್) ಎಂಸಿ (ಕಾಯಿಲ್ ಅಲುಗೋದು) ಎರಡೂ ನಡಿಬೇಕು ಅಂತ ಬೆನ್ನು ಹತ್ಯಾನ. ತಗೋಲ್ಯಾ?

ಉತ್ತರ: ಗೆಳ್ಯಾನ ಮಾತು ಒಂದು ತಿಂಗಳು ಬದಿಗಿಡ್ರಿ. ಸುಳಿವು ನಿಮ್ಮ ಪತ್ರದಾಗ ಐತಿ, 'ದ್ರುತ್‌ಗೆ ಬಂದ್ರಂತೂ' ಅಂತ ನೀವ ಬರದೀರಿ.

ಎಲ್‌ಪಿ ತಿರುಗೋದು ನಿಮಿಷಕ್ಕ 33⅓ ಸುತ್ತು ಖರೆ, ಆದ್ರ ಹೊರಗಿನ ಅಂಚಿನಾಗ ಸೂಜಿ ಕೆಳಗ ಗೆರಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡ್ತೈತಿ, ಲೇಬಲ್ ಹತ್ರ ಬರೋದ್ರಾಗ ಅದು 21ಕ್ಕ ಇಳಿತೈತಿ. ನಮ್ಮ ಖ್ಯಾಲದ ತಟ್ಟಿ ಹೆಂಗ ಇರ್ತಾವ? ವಿಲಂಬಿತ ಹೊರಗ, ದ್ರುತ್ ಒಳಗ. ಅಂದ್ರ ಭಾಳ ಜೋರಿನ ತಾನ್ ಎಲ್ಲಾ ಜಾಗ ಕಡಿಮಿ ಇರೋ ಕಡೆನ ಹೋಗಿ ಕುಂತಾವ, ಅಲ್ಲೆ ದಪ್ಪ ಸೂಜಿ ಗೆರಿಯ ಸಣ್ಣ ತಿರುವು ಹಿಡಿಲಾರದ ಎಡವತೈತಿ. ಹಿಂಗಾಗಿ ಮೊದಲ ಇಷ್ಟು ಮಾಡ್ರಿ: ಒಂದ ತಟ್ಟಿ ಹಾಕಿ ಕೇಳ್ರಿ, ಆ ಚರ್ ಅನ್ನೋದು ಒಳಗ ಬಂದಂಗ ಬಂದಂಗ ಹೆಚ್ಚಾತು ಅಂದ್ರ ತಪ್ಪು ಸೂಜಿದು ಇಲ್ಲಾ ಅದನ್ನ ಕೂಡ್ಸಿದ್ದರದು, ಶುರುವಿನಿಂದ ಕೊನಿತನಕ ಒಂದ ಸಮ ಐತಿ ಅಂದ್ರ ಆಗ ಡಬ್ಬಿ ಮ್ಯಾಲೆ ಅನುಮಾನ ಪಡ್ರಿ.

ಒಳಗ ಹೆಚ್ಚಾದ್ರ ಪ್ರೊಟ್ರ್ಯಾಕ್ಟರ್ (ಕೋನ ನೋಡೋ ಅಳತಿಪಟ್ಟಿ) ಇಟ್ಟು ಕಾರ್ಟ್ರಿಜ್ ನೆಟ್ಟಗ ಕುಂತೈತಿಲ್ಲೋ ನೋಡ್ರಿ, ಸೂಜಿ ತಟ್ಟಿ ಮ್ಯಾಲೆ ಹಾಕೋ ಭಾರ 2 ಗ್ರಾಮ್ ಐತಿಲ್ಲೋ ತೂಗಿ ನೋಡ್ರಿ. 'ಹಗರ್ ಇಟ್ರ ತಟ್ಟಿ ಬಾಳಿಕಿ ಬರ್ತೈತಿ' ಅಂತ ಒಂದೂವರೆ ಗ್ರಾಮ್ ಇಡೋರು ನಮ್ಮೂರಾಗ ಭಾಳ ಮಂದಿ ಅದಾರ, ಅದು ಉಲ್ಟಾ, ಹಗರ್ ಇದ್ರ ಸೂಜಿ ಗೆರಿಯೊಳಗ ಕುಣದಾಡಿ ಗ್ವಾಡಿ ಕೆತ್ತತೈತಿ. ಇಷ್ಟಾದ ಮ್ಯಾಲೂ ಹೋಗಲಿಲ್ಲಂದ್ರ ಅದ ಕಾರ್ಟ್ರಿಜ್‌ಗೆ ತುದಿ ಇನ್ನೂ ಸಣ್ಣಗಿರೋ ಮೈಕ್ರೋಲೈನ್ ಸೂಜಿ ಸಿಗತೈತಿ, ವಿಎಂ95ಎಂಎಲ್ ದು, ಹಳೇದು ಕಿತ್ತು ಹೊಸಾದು ಸಿಗಸಿದ್ರ ಮುಗೀತು, ಸ್ಕ್ರೂ ಮುಟ್ಟೋ ಕೆಲಸನ ಇಲ್ಲ. ನನ್ನ ಕೇಳಿದ್ರ ರೊಕ್ಕ ಮೊದಲ ಹೋಗಬೇಕಾದ್ದು ಇದಕ್ಕ.

ಈಗ ಡಬ್ಬಿಗೆ ಬರೂಣು. ತಟ್ಟಿ ಕೊರಿಯುವಾಗ ಕೆಳಗಿನ ದನಿ, ಅಂದ್ರ ತಬಲಾದ ಬಾಯಾಂದು, ಇದ್ದಂಗ ಕೊರದ್ರ ಗೆರಿ ಅಗಲಾಗಿ ಒಂದು ಬದಿಗೆ ಹತ್ತು ನಿಮಿಷನೂ ಹಿಡಿಯಂಗಿಲ್ಲ, ಅದಕ್ಕ ಅದನ್ನ ತಗ್ಗಿಸಿ ಕೊರಿತಾರ, ಮ್ಯಾಲಿನ ದನಿ ಎತ್ತಿ ಕೊರಿತಾರ, ವಾಪಸ್ ಇಳಿಸುವಾಗ ಅದರ ಜೋಡಿ ತಟ್ಟಿಯ ಸರಸರ ಸಪ್ಳನೂ ಇಳಿಲಿ ಅಂತ. ಎಷ್ಟು ಎತ್ತಬೇಕು ಎಷ್ಟು ತಗ್ಗಿಸಬೇಕು ಅಂತ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ 1954ರಾಗ ಒಂದು ಲೆಕ್ಕಕ್ಕ ಬಂತು, ಅದ ಆರ್‌ಐಎಎ ಕರ್ವ್. 20 ಹರ್ಟ್ಸ್‌ನ್ಯಾಗ ಸುಮಾರು 20 ಡೆಸಿಬಲ್ ಕಡಿಮಿ, 20 ಸಾವಿರದಾಗ ಸುಮಾರು ಅಷ್ಟ ಜಾಸ್ತಿ. ಡಬ್ಬಿ ಇದನ್ನ ತಿರುಗಾಮುರುಗಾ ಮಾಡಿ ಸರಿ ಮಾಡ್ತೈತಿ, ಜೋಡಿಗೆ ದೊಡ್ಡದೂ ಮಾಡ್ತೈತಿ. ನಿಮ್ಮ ಕಾರ್ಟ್ರಿಜ್ ಕೊಡೋದು 4 ಮಿಲಿವೋಲ್ಟ್, 40 ಡೆಸಿಬಲ್ ಗೇನ್ ಅಂದ್ರ ನೂರು ಪಟ್ಟು, 400 ಮಿಲಿವೋಲ್ಟ್ ಆತು, ಆಂಪ್ಲಿಫೈಯರ್‌ಗೆ ಅಷ್ಟು ಸಾಕು. ಈ ಎರಡು ಕೆಲಸ ಮೂರು ಸಾವಿರದ ಡಬ್ಬಿನೂ ಬಹುಶಃ ನೆಟ್ಟಗ ಮಾಡ್ತೈತಿ.

ಮೂರನೇದೊಂದು ಐತಿ, ಅಂಗಡ್ಯಾಗ ಯಾರೂ ಹೇಳಂಗಿಲ್ಲ: ಕೆಪಾಸಿಟೆನ್ಸ್, ಅಂದ್ರ ತಂತಿ, ಡಬ್ಬಿ ಒಂಚೂರು ವಿದ್ಯುತ್ತು ಹಿಡದಿಟ್ಟುಕೊಳ್ಳೋ ಗುಣ. ನಿಮ್ಮ ಕಾರ್ಟ್ರಿಜ್‌ಗೆ 47 ಕಿಲೋಓಮ್ ಜೋಡಿ 100ರಿಂದ 200 ಪಿಕೋಫ್ಯಾರಡ್ ಬೇಕು, ಎಲ್ಲಾ ಕೂಡಿ. ಡಬ್ಬಿ ಒಳಗ 220 ಇದ್ದು, ಕೇಬಲ್ ಮೀಟರಿಗೆ ನೂರರ ಆಸುಪಾಸು ತಂದು, ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿಯೋ ತೋಳು) ತಂತಿದು ಒಂದಿಷ್ಟು ಬಂದ್ರ 400 ಹತ್ರ ಹೋತು. ಕಾರ್ಟ್ರಿಜ್‌ನ ಕಾಯಿಲ್ 550 ಮಿಲಿಹೆನ್ರಿ, 200ರ ಜೋಡಿ ಅದರ ಮೊಳಗು (ರೆಸೊನನ್ಸ್, ದನಿ ತಾನಾಗೇ ಉಬ್ಬೋ ಜಾಗ) 15 ಕಿಲೋಹರ್ಟ್ಸ್ ಸಮೀಪ ಇರ್ತೈತಿ, 400 ಆದ್ರ 11ಕ್ಕ ಇಳದು ನೆಟ್ಟಗ ನಿಮ್ಮ ಸ, ಶ ಕಿವಿಗೆ ಚುಚ್ಚೋ ಜಾಗದ ಹತ್ರ ಬಂದು ಕುಂದರತೈತಿ. ಚರ್ ಅನ್ನೋದು ತಟ್ಟಿ ತುಂಬ ಒಂದ ಸಮ ಇದ್ರ ಮೊದಲ ಕೇಬಲ್ ಗಿಡ್ಡದು ಹಾಕಿ ನೋಡ್ರಿ, ಅರ್ಧಾ ಮೀಟರ್ ಸಾಕು.

ಆಮ್ಯಾಲೆ ಡಬ್ಬಿ ಬದಲಸೂದಾದ್ರ ಗೇನ್ ಮತ್ತ ಕೆಪಾಸಿಟೆನ್ಸ್ ಕೈಯಿಂದ ಬದಲಸಾಕ ಬರೋ ಅಂಥಾದ್ದ ನೋಡ್ರಿ. ಎಆರ್‌ಟಿ ಡಿಜೆಪ್ರಿ ಟೂ ಅಂತ ಒಂದು ಐತಿ, ನೋಡಾಕ ಏನೂ ಚಂದ ಇಲ್ಲ, ಆದ್ರ 100, 200 ಪಿಕೋಫ್ಯಾರಡ್ ಸ್ವಿಚ್ಚು, ಗೇನ್ ತಿರುವು, ಬಾಗಿದ ತಟ್ಟಿ ಹಾಕಿದಾಗ ವೂಫರ್ ಕುಣಿಯೋದನ್ನ ಕಡಿಮಿ ಮಾಡೋ ಲೋ ಕಟ್ ಫಿಲ್ಟರ್, ಎಲ್ಲಾ ಅದರಾಗ ಅದಾವ. ಮಾನೋ ಸ್ವಿಚ್ ಇರೋ ಡಬ್ಬಿ ಸಿಕ್ರ ಇನ್ನೂ ಚಲೋ, ತಂದಿಯವರ ಗಂಟಿನಾಗ ಐವತ್ತು ಅರವತ್ತರ ದಶಕದ ಮಾನೋ ತಟ್ಟಿ ಇರಬೇಕಲ್ಲ, ಆ ಸ್ವಿಚ್ ಒತ್ತಿದ್ರ ಚಟಪಟ ಸಪ್ಳ ಅರ್ಧಕ್ಕರ್ಧ ಹೋಗ್ತೈತಿ.

ನಿಮ್ಮದು ಎಂಎಂ ಕಾರ್ಟ್ರಿಜ್, ಎಂಸಿ ಯಾಕ ಬೇಕ್ರಿ? ಡೆನನ್ ಡಿಎಲ್ 103 ಅಂಥಾ ಕಾರ್ಟ್ರಿಜ್ ಕೊಡೋದು 0.3 ಮಿಲಿವೋಲ್ಟ್, ಅದಕ್ಕ 60 ಡೆಸಿಬಲ್, ಸಾವಿರ ಪಟ್ಟು ಬೇಕು, ಅಷ್ಟು ಎತ್ತುವಾಗ ಡಬ್ಬಿಯ ಸ್ವಂತ ಸಪ್ಳನೂ ಏಳತೈತಿ, ಅದನ್ನ ಅಡಗಸಾಕ ರೊಕ್ಕ ಸುರೀಬೇಕು. ಎಂಸಿ ಕಾರ್ಟ್ರಿಜ್ ಮನ್ಯಾಗ ಇಲ್ಲದ ಅದರ ಡಬ್ಬಿ ತರೂದು, ಎಮ್ಮಿ ಇಲ್ಲದ ಹಗ್ಗ ತಂದಂಗ.

ಇನ್ನೊಂದು ಪರೀಕ್ಷಾ ಹೇಳ್ತೀನಿ. ಸೂಜಿ ಮ್ಯಾಲೆತ್ತಿ, ದಿನಾ ಕೇಳೋ ವಾಲ್ಯೂಮ್ ಇಟ್ಟು, ದಿನಾ ಕುಂದ್ರೋ ಖುರ್ಚಿ ಮ್ಯಾಲೆ ಕುಂದರ್ರಿ. ಸುಯ್ ಅನ್ನೋದು ಕೇಳಿಸಲಿಲ್ಲಂದ್ರ ಆ ಇಪ್ಪತ್ತೈದು ಸಾವಿರ ಕೊಟ್ರೂ ನಿಮಗ ಸಿಗೋದು ಭಾಳ ಕಡಿಮಿ. ಕೇಳಿಸ್ತು, ತಂಬೂರಿ ಒಂದ ನುಡಿಯುವಾಗ ಕಿರಿಕಿರಿ ಮಾಡ್ತು ಅಂದ್ರ ಬರ್ರಿ, ಮತ್ತ ಮಾತಾಡೂಣು.

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಪ್ರಿಆಂಪ್ ಬದಲಿಸಿದ ದಿನದಿಂದ ಗುಂಯ್ ಅಂತ ಸಪ್ಳ. ಯಜಮಾನ್ರು ಅರ್ಥಿಂಗ್ ಪಿನ್ ಕಡದ್ರ ಹೋಗ್ತೈತಿ ಅಂತಾರ. ಮಾಡಬಹುದೇನ್ರಿ?

ಉತ್ತರ: ಅಕ್ಕಾರ, ಯಜಮಾನ್ರ ಕೈಯಾಗಿನ ಇಕ್ಕಳ ಮೊದಲ ಇಸಗೊಳ್ರಿ. ಅರ್ಥ್ ಪಿನ್ ಇರೋದು ಮನಷ್ಯಾರ ಜೀವಕ್ಕ, ಹಾಡಿಗಲ್ಲ. ಟೋನ್‌ಆರ್ಮ್ ಬೆರಳಿಂದ ಮುಟ್ಟಿ ನೋಡ್ರಿ, ಸಪ್ಳ ಹೆಚ್ಚುಕಡಿಮಿ ಆತು ಅಂದ್ರ ಟರ್ನ್‌ಟೇಬಲ್ ಹಿಂದಿಂದ ಬರೋ ಆ ಸಣ್ಣ ಗ್ರೌಂಡ್ ತಂತಿ ಪ್ರಿಆಂಪ್‌ನ ತಿರುಪಿಗೆ ಕಚ್ಚಿಲ್ಲ, ಹೊಸಾದು ಹಾಕುವಾಗ ಮರೆಯೋದ ಅದು. ತಂತಿ ಸರಿ ಇದ್ರೂ ಸಪ್ಳ ಬಂದ್ರ ಡಬ್ಬಿ ಎಲ್ಲಿ ಇಟ್ಟೀರಿ ನೋಡ್ರಿ. ನಂದ ಹೇಳ್ತೀನಿ, ಮೂರು ಸಂಜಿ ಡಬ್ಬಿ ಬಿಚ್ಚಿ ಬೆಸುಗಿ ಎಲ್ಲಾ ತಿರುಗಿ ಹಾಕಿದೆ, ನಾಕನೇ ಸಂಜಿ ಚಾ ಇಡಾಕ ಜಾಗ ಇಲ್ಲಂತ ಮನ್ಯಾಗಿನವರು ಡಬ್ಬಿ ಆಂಪ್ಲಿಫೈಯರ್ ಮ್ಯಾಲಿಂದ ತಗದು ಪಕ್ಕದ ಸ್ಟೂಲಿನ ಮ್ಯಾಲೆ ಇಟ್ರು, ಗುಂಯ್ ಅನ್ನೋದು ಅಲ್ಲಿಗೆ ನಿಂತು. ಕೆಳಗ ಟ್ರಾನ್ಸ್‌ಫಾರ್ಮರ್ ಇತ್ತು, 50 ಹರ್ಟ್ಸ್ ಅಲ್ಲಿಂದ ನೆಟ್ಟಗ ಏರಿ ಬರ್ತಿತ್ತು. ಒಂದು ಮಾರು ದೂರ ಇಡ್ರಿ.

ಪ್ರಶ್ನೆ (ಗದಗ): ಅಜ್ಜಾರ ಕಾಲದ 78ರ ತಟ್ಟಿ ಒಂದು ಪೆಟಗಿ ಸಿಕ್ಕಾವ, ಗಾಂಧಾರಿ ಅಂತ ಹೆಸರಿರೋದೂ ಒಂದೆರಡು. ಎಲ್‌ಪಿ ಪ್ರಿಆಂಪ್‌ನ್ಯಾಗ ಹಾಕಬಹುದಾ?

ಉತ್ತರ: ಅಯ್ಯೋ, ಅವನ್ನ ಜ್ವಾಪಾನ ಮಾಡ್ರಿ! ಗಂಗೂಬಾಯಿ ಹಾನಗಲ್‌ರ ಮೊದಮೊದಲ ತಟ್ಟಿಗಳ ಮ್ಯಾಲೆ ಗಾಂಧಾರಿ ಅಂತನ ಇರ್ತಿತ್ತು. ಅರಗಿನ ತಟ್ಟಿ, ಬಿದ್ರ ಹಂಚು ಒಡದಂಗ. ಎಲ್‌ಪಿ ಸೂಜಿ ಹಾಕಬ್ಯಾಡ್ರಿ, 78ರ ಗೆರಿ ಅಗಲ, ಅದಕ್ಕ 3 ಮಿಲ್ (ಇಂಚಿನ ಸಾವಿರದಾಗ ಮೂರು ಪಾಲು) ಸೂಜಿ ಬೇಕು, ಎಲ್‌ಪಿದು ಒಂದು ಮಿಲ್ಲಿಗಿಂತ ಸಣ್ಣದು, ಗೆರಿಯ ತಳಕ್ಕ ಬಿದ್ದು ಬರೀ ಧೂಳು ಹಾಡತೈತಿ. ಪ್ರಿಆಂಪ್ ಹಾಕಿದ್ರ ಏನೂ ಕೆಡಂಗಿಲ್ಲ, ಆದ್ರ ಅವು 1954ಕ್ಕಿಂತ ಮೊದಲಿನವು, ಆರ್‌ಐಎಎ ಲೆಕ್ಕದಾಗ ಕೊರದಿಲ್ಲ, ಮ್ಯಾಲಿನ ದನಿ ಎತ್ತದನ ಕೊರದದ್ದನ್ನ ಡಬ್ಬಿ ಸುಮ್ಮನ ಇಳಸತೈತಿ, ಬಾಯಿಗೆ ಅರಬಿ ಹಿಡದು ಹಾಡಿದಂಗ ಕೇಳಿಸ್ತೈತಿ. ಸದ್ಯಕ್ಕ ಆಂಪ್ಲಿಫೈಯರ್‌ನ ಟ್ರೆಬಲ್ ತಿರುವು ಒಂಚೂರು ಏರಿಸ್ರಿ, ಮಾನೋ ಒತ್ತಿಡ್ರಿ. ಕಂಪ್ಯೂಟರ್‌ಗೆ ಇಳಿಸಿಡೂದಾದ್ರ ಕರ್ವ್ ಇಲ್ಲದ ಫ್ಲಾಟ್ ಪ್ರಿಆಂಪ್‌ನ್ಯಾಗ ಇಳಿಸಿ ಆಮ್ಯಾಲೆ ಸಾಫ್ಟ್‌ವೇರ್‌ನ್ಯಾಗ ಸರಿ ಮಾಡೂದು ಚಲೋ ದಾರಿ.

ಪ್ರಶ್ನೆ (ರಾಣೆಬೆನ್ನೂರು): ಕಾಕಾ ಅವರ ಹಳೇ ಸೂಟ್‌ಕೇಸ್ ಪ್ಲೇಯರ್‌ನ ತಂತಿ ಹೊರಗ ತಗದು ಹೊಸಾ ಫೋನೋ ಪ್ರಿಆಂಪ್‌ಗೆ ಹಾಕಿದ್ರ ದನಿ ಹರದು ಬರ್ತೈತಿ, ಪ್ರಿಆಂಪ್ ಕೆಟ್ಟೈತೇನು?

ಉತ್ತರ: ಕೆಟ್ಟಿಲ್ಲ, ಬೇಕಾಗೇ ಇಲ್ಲ. ಅಂಥಾ ಪ್ಲೇಯರ್‌ನ್ಯಾಗ ಸಾಮಾನ್ಯ ಸೆರಾಮಿಕ್ ಕಾರ್ಟ್ರಿಜ್ ಇರ್ತೈತಿ, ಅದು ತಾನ ನೂರಾರು ಮಿಲಿವೋಲ್ಟ್ ಕೊಡ್ತೈತಿ, ಅದನ್ನ ಮತ್ತ ನೂರು ಪಟ್ಟು ಮಾಡಿದ್ರ ಹರೀದ ಏನಾದೀತು. ನೆಟ್ಟಗ ಆಂಪ್ಲಿಫೈಯರ್‌ನ ಆಕ್ಸ್ ಅಂತ ಬರದಿರೋ ತೂತಿಗೆ ಹಾಕ್ರಿ. ಹಿಂದ ಫೋನೋ, ಲೈನ್ ಅಂತ ಸ್ವಿಚ್ ಇರೋ ಹೊಸಾ ಟರ್ನ್‌ಟೇಬಲ್‌ನವರದೂ ಇದ ಕಥಿ, ಲೈನ್‌ಗೆ ಇಟ್ಟು ಮತ್ತ ಹೊರಗ ಪ್ರಿಆಂಪ್ ಹಚ್ತಾರ. ಪ್ರಿಆಂಪ್ ಕೊಟ್ಟ ಅಂಗಡಿಯವರು ವಾಪಸ್ ತಗೋತಾರೇನ ಕೇಳಿ ನೋಡ್ರಿ, ಮತ್ತ ಆ ಪ್ಲೇಯರ್‌ನ್ಯಾಗ ಚಲೋ ಎಲ್‌ಪಿ ಹಾಕಬ್ಯಾಡ್ರಿ, ಸೂಜಿ ಭಾರ ಭಾಳ ಇರ್ತೈತಿ.