'ರನ್' ಅಂದರೆ ಓಡು ಮಾತ್ರ ಅಲ್ಲ

'ಶಿ ರನ್ಸ್ ಎ ಸ್ಕೂಲ್' (She runs a school) ಎಂಬ ಇಂಗ್ಲಿಷ್ ವಾಕ್ಯಕ್ಕೆ 'ಅವಳು ಶಾಲೆ ಓಡುತ್ತಾಳೆ' ಎಂಬ ಅರ್ಥ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ. 'ರನ್' (run) ಅಂದರೆ 'ಓಡು' ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿದ್ದೀರಿ ಅನಿಸುತ್ತದೆ. ಅದಕ್ಕೇ ಆ ವಾಕ್ಯ ನಿಮಗೆ ಹಾಗೆ ಕಂಡಿದೆ. ಹಾಗಂತ ಅರ್ಥಗಳ ಪಟ್ಟಿ ಕಲಿಯಲು ಹೋಗಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಈ ಒಂದು ಕ್ರಿಯಾಪದಕ್ಕೇ 600ಕ್ಕಿಂತ ಜಾಸ್ತಿ ಅರ್ಥಗಳಿವೆ!

ಮೊದಲು ಪಕ್ಕದ ಪದ ನೋಡಿ. ಶಾಲೆ, ಅಂಗಡಿ ಇದ್ದರೆ 'ನಡೆಸು'. ಪ್ರೋಗ್ರಾಮ್ ಇದ್ದರೆ 'ಚಲಾಯಿಸು'. ಮೂಗು ರನ್ ಆದರೆ ಸೋರುತ್ತಿದೆ, ಬಟ್ಟೆಯ ಬಣ್ಣ ರನ್ ಆದರೆ ಬಿಡುತ್ತಿದೆ, ನದಿಯಾದರೆ ಹರಿಯುತ್ತಿದೆ. ನಮ್ಮ 'ಹಿಡಿ'ಯೂ ಹೀಗೇ ಅಲ್ವಾ? ಕೈ ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಯಾರೂ ಅರ್ಥ ಹೇಳಿಕೊಡಲಿಲ್ಲ, ಪಕ್ಕದ ಪದವೇ ಹೇಳಿಕೊಟ್ಟಿತು.

ಆಮೇಲೆ 'ರನ್' ನಂತರ ಔಟ್, ಇಂಟು ಥರದ ಪುಟ್ಟ ಪದ ಇದೆಯಾ ನೋಡಿ. ಇದ್ದರೆ ಎರಡನ್ನೂ ಸೇರಿಸಿ ಒಂದೇ ಪದದಂತೆ ಓದಿ. 'ರನ್ ಔಟ್ ಆಫ್' ಅಂದರೆ ಖಾಲಿಯಾಗು. 'ರನ್ ಇಂಟು' ಮಾತ್ರ ಸ್ವಲ್ಪ ಕಷ್ಟ: ಅಚಾನಕ್ಕಾಗಿ ಭೇಟಿಯಾಗು ಎಂದೂ ಆಗಬಹುದು, ಡಿಕ್ಕಿ ಹೊಡೆ ಎಂದೂ ಆಗಬಹುದು. ಹಿಂದುಮುಂದಿನ ವಾಕ್ಯ ಓದದೆ ತೀರ್ಮಾನ ಮಾಡಬೇಡಿ.

ಹೊಸ 'ರನ್' ಸಿಕ್ಕಾಗಲೆಲ್ಲ ಪದವನ್ನಷ್ಟೇ ಅಲ್ಲ, ಇಡೀ ವಾಕ್ಯವನ್ನು ಬರೆದಿಟ್ಟುಕೊಳ್ಳಿ.