ಮಾರ್ಥಾ ಗೆಲ್‌ಹಾರ್ನ್ ನಿಜಕ್ಕೂ ಏನು ಮಾಡಿದವಳು? ಎಲ್ಲಿಂದ ಓದಲು ಶುರುಮಾಡಬೇಕು?

ಸಿನಿಮಾದಲ್ಲಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇಯ ಹೆಂಡತಿಯಾಗಿ ಕಂಡೆ, ಅದರಾಚೆ ಈಕೆ ಯಾರು, ಯಾವ ಪುಸ್ತಕ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ಲೆಕ್ಕ ನೋಡಿ. ಆ ಮದುವೆ ನಡೆದದ್ದು 1940ರ ನವೆಂಬರಿನಲ್ಲಿ, ಮುರಿದದ್ದು 1945ರಲ್ಲಿ. ಆಕೆಯ ಯುದ್ಧ ವರದಿಗಾರಿಕೆ ಮಾತ್ರ 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಶುರುವಾಗಿ, 1989ರ ಡಿಸೆಂಬರಿನಲ್ಲಿ ಅಮೆರಿಕ ಪನಾಮಾ ಮೇಲೆ ನಡೆಸಿದ ದಾಳಿಯವರೆಗೂ ಬಂತು. ಪನಾಮಾಕ್ಕೆ ಹೋದಾಗ ಆಕೆಗೆ 81 ವರ್ಷ.

ಹುಟ್ಟಿದ್ದು 1908ರ ನವೆಂಬರ್ 8, ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ. ಅಪ್ಪ ಜರ್ಮನಿಯಿಂದ ಬಂದ ಸ್ತ್ರೀರೋಗ ವೈದ್ಯ, ಅಮ್ಮ ಎಡ್ನಾ ಮಹಿಳೆಯರ ಮತದಾನದ ಹಕ್ಕಿಗಾಗಿ ಬೀದಿಗಿಳಿದವರು. ಬ್ರಿನ್ ಮಾರ್ ಕಾಲೇಜನ್ನು ಅರ್ಧಕ್ಕೇ ಬಿಟ್ಟು, 1930ರಲ್ಲಿ ಪ್ಯಾರಿಸ್ಸಿಗೆ ಹೊರಟಳು. ಮೊದಲ ಕಾದಂಬರಿ 1934ರದ್ದು. ಅದನ್ನು ಆಕೆಯೇ ಆಮೇಲೆ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ, ನೀವೂ ಬಿಡಬಹುದು.

ಕೈ ಪಳಗಿದ್ದು ಪತ್ರಿಕೆಯಲ್ಲಿ ಅಲ್ಲ, ಸರ್ಕಾರಿ ಕೆಲಸದಲ್ಲಿ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಪರಿಹಾರ ಇಲಾಖೆಯ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ ಕೆಲವು ಬರಹಗಾರರನ್ನು ಊರೂರಿಗೆ ಕಳಿಸಿದ. ಗೆಲ್‌ಹಾರ್ನ್ ಪಾಲಿಗೆ ಬಂದದ್ದರಲ್ಲಿ ನಾರ್ತ್ ಕೆರೊಲಿನಾದ ಬಟ್ಟೆ ಗಿರಣಿ ಊರುಗಳೂ ಇದ್ದವು. ಮನೆ ಮನೆಗೆ ಹೋಗಿ ಏನು ತಿನ್ನುತ್ತಾರೆ, ಮಕ್ಕಳಿಗೆ ಯಾವ ಕಾಯಿಲೆ, ನೀರು ಎಲ್ಲಿಂದ ಅಂತ ಬರೆದು ಕಳಿಸುವುದು ಕೆಲಸ. ಐಡಹೊದಲ್ಲಿ ಗುತ್ತಿಗೆದಾರನೊಬ್ಬ ನಿರುದ್ಯೋಗಿಗಳಿಗೆ ಮೋಸ ಮಾಡುವುದನ್ನು ಕಂಡು, ಪರಿಹಾರ ಕಚೇರಿಯ ಕಿಟಕಿ ಗಾಜು ಒಡೆಯಿರಿ, ಆಗ ಗಮನಿಸುತ್ತಾರೆ ಎಂದಳು. ಅವರು ಒಡೆದೇಬಿಟ್ಟರು, ಈಕೆಯ ಕೆಲಸ ಹೋಯಿತು. ಆ ಓಡಾಟದಿಂದ ಹುಟ್ಟಿದ್ದು 1936ರ 'ದಿ ಟ್ರಬಲ್ ಐ ಹ್ಯಾವ್ ಸೀನ್', ನಾಲ್ಕು ನೀಳ್ಗತೆಗಳ ಪುಸ್ತಕ. ಕಂಡದ್ದನ್ನು ಕಥೆಯಾಗಿಸುವುದು ಅಲ್ಲೇ ಶುರು.

ಅದೇ ವರ್ಷ ಎಡವಿದ್ದೂ ಅಲ್ಲೇ. ಲಂಡನ್ನಿನ 'ಸ್ಪೆಕ್ಟೇಟರ್'ನಲ್ಲಿ 'ಜಸ್ಟಿಸ್ ಅಟ್ ನೈಟ್' ಎಂಬ ಬರಹ ಬಂತು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಯುವಕನೊಬ್ಬನನ್ನು ಗುಂಪು ಕೊಂದದ್ದನ್ನು ಕಣ್ಣಾರೆ ಕಂಡಂತೆ ಅದರಲ್ಲಿ ಬರೆದಿದ್ದಳು. ಕಂಡಿರಲಿಲ್ಲ; ದಾರಿಯಲ್ಲಿ ಕಿವಿಗೆ ಬಿದ್ದ ಮಾತುಗಳಿಂದ ಹೆಣೆದದ್ದು. ಓದಿದವರು ವರದಿಯೆಂದೇ ನಂಬಿದರು, ನೋಡಿಲ್ಲವೆಂದು ಆಮೇಲೆ ಒಪ್ಪಿಕೊಳ್ಳಬೇಕಾಯಿತು. ಆಕೆಯನ್ನು ಮೆಚ್ಚುವವರು ಇದನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಏಕೆಂದರೆ ದೃಶ್ಯವನ್ನು ಹತ್ತಿರದಿಂದ ಕಟ್ಟುವ ಆಕೆಯ ಶಕ್ತಿಯೇ ಇಲ್ಲಿ ತಪ್ಪಿನ ಮೂಲ.

1937ರಲ್ಲಿ ಫ್ರಾನ್ಸ್ ಗಡಿಯ ಪುಟ್ಟ ದೇಶ ಅಂಡೋರಾ ಕಡೆಯಿಂದ ಸ್ಪೇನಿಗೆ ಇಳಿದಾಗ ಬೆನ್ನಿಗೊಂದು ಚೀಲ, ಜೇಬಿನಲ್ಲಿ ಸುಮಾರು 50 ಡಾಲರ್, ಜೊತೆಗೆ 'ಕಾಲಿಯರ್ಸ್' ವಾರಪತ್ರಿಕೆಯ ಒಂದು ಪತ್ರ. ಪತ್ರ ಇದ್ದದ್ದು ಗಡಿಯಲ್ಲಿ ತೋರಿಸಲಷ್ಟೇ, ನೌಕರಿಯ ಭರವಸೆ ಅದರಲ್ಲಿರಲಿಲ್ಲ. ಮ್ಯಾಡ್ರಿಡ್‌ನಿಂದ ಕಳಿಸಿದ ಲೇಖನಗಳು ಅಚ್ಚಾದ ಮೇಲೆ ಪತ್ರಿಕೆ ಆಕೆಯ ಹೆಸರನ್ನು ತನ್ನ ಸಿಬ್ಬಂದಿ ಪಟ್ಟಿಗೆ ಸೇರಿಸಿತು. ಅಲ್ಲಿನ ಒಂದು ದೃಶ್ಯ ಸಾಕು ಆಕೆಯ ಕ್ರಮ ತಿಳಿಯಲು. ಶೆಲ್ ಬೀಳುತ್ತಿರುವ ಚೌಕ. ಹೆಗಲಿಗೆ ಶಾಲು ಹೊದ್ದ ಮುದುಕಿ ಹುಡುಗನೊಬ್ಬನ ಕೈ ಹಿಡಿದು ಮನೆಯತ್ತ ಓಡುತ್ತಾಳೆ. ಕಾದ ಕಬ್ಬಿಣದ ಚೂರೊಂದು ಹಾರಿಬಂದು ಹುಡುಗನ ಗಂಟಲಿಗೆ ಬಡಿಯುತ್ತದೆ. ಸತ್ತ ಮಗುವಿನ ಕೈ ಹಿಡಿದುಕೊಂಡೇ ಮುದುಕಿ ಅವನನ್ನು ನೋಡುತ್ತ ನಿಲ್ಲುತ್ತಾಳೆ. ಆ ಸಾಲುಗಳಲ್ಲಿ ಸೇನಾಪತಿ ಇಲ್ಲ, ನಕ್ಷೆ ಇಲ್ಲ, ಅಯ್ಯೋ ಪಾಪ ಅನ್ನುವ ವಿಶೇಷಣವೂ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಇಳಿದಾಗಿನ ಕಥೆ ಎಲ್ಲರೂ ಹೇಳುತ್ತಾರೆ, ಕಾರಣ ಹೇಳುವವರು ಕಡಿಮೆ. ಅಮೆರಿಕದ ಸೇನೆ ಮಹಿಳಾ ವರದಿಗಾರರನ್ನು ಮುಂಚೂಣಿಗೆ ಬಿಡುತ್ತಿರಲಿಲ್ಲ. ಸಾಲದ್ದಕ್ಕೆ, ಆಕೆ ಬರೆಯುತ್ತಿದ್ದ 'ಕಾಲಿಯರ್ಸ್'ಗೇ 1944ರಲ್ಲಿ ಗಂಡ ಮುಂಚೂಣಿ ವರದಿಗಾರನಾಗಿ ಸೇರಿಕೊಂಡ. ಆತ ವಿಮಾನದಲ್ಲಿ ಇಂಗ್ಲೆಂಡಿಗೆ ಹಾರಿದ. ಆಕೆ ಸ್ಫೋಟಕ ತುಂಬಿದ್ದ ನಾರ್ವೆಯ ಸರಕು ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದಳು. ಜೂನ್‌ನಲ್ಲಿ ದಾಳಿ ಶುರುವಾದಾಗ ಆಸ್ಪತ್ರೆ ಹಡಗೊಂದನ್ನು ಹತ್ತಿ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕೂತಳು, ಗಾಯಾಳುಗಳನ್ನು ತರುವವರ ಜೊತೆ ನಾರ್ಮಂಡಿಯ ಒಮಾಹಾ ದಂಡೆಗೆ ಇಳಿದಳು. ಹೆಮಿಂಗ್ವೇ ದೋಣಿಯಲ್ಲಿ ದಡದ ಹತ್ತಿರ ಬಂದರೂ ಇಳಿಯಲಿಲ್ಲ. ವಾಪಸಾದ ಮೇಲೆ ಮಿಲಿಟರಿ ಪೊಲೀಸರು ಆಕೆಯನ್ನು ಹಿಡಿದು ಲಂಡನ್ನಿನ ಹೊರಗಿನ ನರ್ಸುಗಳ ತರಬೇತಿ ಶಿಬಿರಕ್ಕೆ ಹಾಕಿದರು. ಬೇಲಿ ಹಾರಿ ಇಟಲಿಗೆ ಹೋಗಿ, ಪರವಾನಗಿ ಇಲ್ಲದೆಯೇ ಯುದ್ಧ ಮುಗಿಯುವವರೆಗೆ ಬರೆದಳು.

1945ರ ಮೇನಲ್ಲಿ ಜರ್ಮನಿ ಶರಣಾದ ಸುದ್ದಿ ಬಂದಾಗ ಆಕೆ ಇದ್ದದ್ದು ನಾಜಿಗಳ ಡಾಖಾವ್ ಯಾತನಾ ಶಿಬಿರದಲ್ಲಿ. ಅದರ ವರದಿ ಜೂನ್‌ನಲ್ಲಿ ಅಚ್ಚಾಯಿತು. ಮೂರು ವರ್ಷದ ಮೇಲೆ 'ದಿ ವೈನ್ ಆಫ್ ಅಸ್ಟಾನಿಶ್‌ಮೆಂಟ್' ಕಾದಂಬರಿ ಬಂತು. ಅದರಲ್ಲಿ ಜೇಕಬ್ ಲೆವಿ ಎಂಬ ಯಹೂದಿ ಅಮೆರಿಕನ್ ಸೈನಿಕ ಡಾಖಾವ್ ನೋಡಿ ಹೊರಬಂದು, ರಸ್ತೆಯಲ್ಲಿ ನಗುತ್ತ ನಿಂತ ಜರ್ಮನ್ನರ ಮೇಲೆ ಜೀಪು ಹರಿಸುತ್ತಾನೆ. ವರದಿಯಲ್ಲಿ ಹೇಳಲಾಗದ ಸಿಟ್ಟನ್ನು ಈ ಸಲ ಕಾದಂಬರಿಯಲ್ಲೇ ಇಟ್ಟಳು. ಕಂಡದ್ದಕ್ಕೂ ಕಟ್ಟಿದ್ದಕ್ಕೂ ನಡುವೆ 1936ರಲ್ಲಿ ಕಲಸಿಹೋಗಿದ್ದ ಗೆರೆ ಇಲ್ಲಿ ಸ್ಪಷ್ಟ. ವರದಿ ಮತ್ತು ಕಾದಂಬರಿಯನ್ನು ಒಂದರ ಹಿಂದೆ ಒಂದು ಓದಿ, ಗೊತ್ತಾಗುತ್ತದೆ.

ಅಮೆರಿಕದಲ್ಲಿ ಮತ್ತೆ ಬೇರು ಬಿಡಲಿಲ್ಲ. ಮೆಕ್ಸಿಕೊದ ಕ್ವೆರ್ನಾವಾಕಾ, ಇಟಲಿ, ಕೀನ್ಯಾ, ವೇಲ್ಸ್‌ನ ಒಂದು ಪುಟ್ಟ ಮನೆ, ಕೊನೆಗೆ ಲಂಡನ್. 1966ರಲ್ಲಿ 'ಗಾರ್ಡಿಯನ್'ಗಾಗಿ ವಿಯೆಟ್ನಾಮಿಗೆ ಹೋಗಿ ಆಸ್ಪತ್ರೆ, ಅನಾಥಾಲಯ, ನಿರಾಶ್ರಿತರ ಶಿಬಿರಗಳ ಬಗ್ಗೆ ಬರೆದದ್ದಕ್ಕೆ ಮತ್ತೆ ವೀಸಾ ಸಿಗಲಿಲ್ಲ. ಕೊನೆಗಾಲದಲ್ಲಿ ಕಣ್ಣು ಬಹುಪಾಲು ಹೋಗಿತ್ತು, ಕ್ಯಾನ್ಸರ್ ಇತ್ತು. 1998ರ ಫೆಬ್ರವರಿ 15ರಂದು ತಾನೇ ಜೀವ ಮುಗಿಸಿಕೊಂಡಳು.

ಓದುವ ಕ್ರಮ: 'ದಿ ಫೇಸ್ ಆಫ್ ವಾರ್' ಮೊದಲು. 1959ರಲ್ಲಿ ಬಂದ ಇದನ್ನು ಆಕೆ ಮತ್ತೆ ಮತ್ತೆ ಹಿಗ್ಗಿಸಿದಳು. ಹಳೆಯ ಪ್ರತಿ ಕೊಂಡರೆ ವಿಯೆಟ್ನಾಮ್ ಸಿಗುವುದಿಲ್ಲ, 1980ರ ದಶಕದ ಅಥವಾ ಆಮೇಲಿನ ಮುದ್ರಣವನ್ನೇ ಹುಡುಕಿ. ಮೊದಲ ಪುಟದಿಂದ ಹೊರಡಬೇಕಿಲ್ಲ. ಆಸ್ಪತ್ರೆ ಹಡಗಿನ ಅಧ್ಯಾಯ, ಡಾಖಾವ್, ಆಮೇಲೆ ಸ್ಪೇನ್. ನಂತರ ಮೇಲೆ ಹೇಳಿದ 'ದಿ ವೈನ್ ಆಫ್ ಅಸ್ಟಾನಿಶ್‌ಮೆಂಟ್' ಕಾದಂಬರಿ. ಈಗ ಅದು 'ಪಾಯಿಂಟ್ ಆಫ್ ನೋ ರಿಟರ್ನ್' ಹೆಸರಲ್ಲಿ ಸಿಗುತ್ತದೆ, ಎರಡು ಬೇರೆ ಪುಸ್ತಕ ಅಂದುಕೊಂಡು ಎರಡಕ್ಕೂ ದುಡ್ಡು ಕೊಡಬೇಡಿ. ಜೀವನಚರಿತ್ರೆ ಬೇಕಿದ್ದರೆ ಕ್ಯಾರೊಲಿನ್ ಮೂರ್‌ಹೆಡ್ ಅವರದು. ಅವರೇ ಸಂಪಾದಿಸಿದ ಪತ್ರಗಳ ಸಂಪುಟವೂ ಇದೆ. ನನ್ನ ಮಟ್ಟಿಗೆ ಕೆಲವು ಕಾದಂಬರಿಗಳಿಗಿಂತ ಆ ಪತ್ರಗಳೇ ಚೆನ್ನ.

ನಗಬೇಕು ಅನಿಸಿದಾಗ 1978ರ 'ಟ್ರಾವೆಲ್ಸ್ ವಿತ್ ಮೈಸೆಲ್ಫ್ ಅಂಡ್ ಅನದರ್' ತೆಗೆಯಿರಿ. ತೀರಾ ಕೆಟ್ಟ ಪ್ರಯಾಣಗಳನ್ನಷ್ಟೇ ಆಯ್ದು ಬರೆದದ್ದು. 1941ರ ಚೀನಾ ಅಧ್ಯಾಯದಲ್ಲಿ ಜೊತೆಗಿರುವ ಗಂಡನ ಹೆಸರನ್ನು ಹುಡುಕಬೇಡಿ, ಸಿಗುವುದಿಲ್ಲ. ಅಲ್ಲಿ ಹೆಮಿಂಗ್ವೇ ಬರೀ 'ಯು.ಸಿ.', ಅಂದರೆ ಮನಸ್ಸಿಲ್ಲದೆ ಬಂದ ಜೊತೆಗಾರ.